ಶಾಂತವೇರಿ ಗೋಪಾಲಗೌಡರು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ನದಿಯು ಹೊಸನಗರದ ಕಾಡುಕಣಿವೆಗಳನ್ನು ಹಾದು, ಸಾಗರ ತಾಲ್ಲೂಕನ್ನು ಸೇರಿ, ಜೋಗದಲ್ಲಿ ಧುಮುಕಿ ಪಶ್ಚಿಮ ಸಮುದ್ರದತ್ತ ಹರಿಯುತ್ತದೆ. ಈ ಮೂರು ತಾಲ್ಲೂಕುಗಳು ಮಲೆನಾಡಿನ ಹೃದಯಭಾಗ. ಇಲ್ಲಿ ಮಳೆ ಹೆಚ್ಚು, ಕಾಡು ದಟ್ಟ. ಗುಡ್ಡಗಳ ನಡುವಣ ಬಯಲುಗಳಲ್ಲಿ ಭತ್ತದ ಗದ್ದೆಗಳು, ಕಣಿವೆಗಳಲ್ಲಿ ಅಡಕೆಯ ತೋಟಗಳು. ಕೆಳದಿಯ ಅರಸರು ಕೆಳದಿ, ಇಕ್ಕೇರಿ, ಬಿದನೂರುಗಳನ್ನು ಒಂದಾದ ಮೇಲೊಂದರಂತೆ ರಾಜಧಾನಿ ಮಾಡಿಕೊಂಡು ಆಳಿದ್ದು ಈ ನೆಲದಲ್ಲೇ. ಪ್ರಕೃತಿಯು ಇಷ್ಟು ಉದಾರವಾಗಿದ್ದರೂ ಈ ನೆಲವನ್ನು ಉಳುತ್ತಿದ್ದವರ ಬಾಳು ಬಹುಕಾಲದವರೆಗೆ ಬಡತನದಲ್ಲಿಯೇ ಕಳೆಯಿತು. ಗದ್ದೆ ಒಬ್ಬನದು, ದುಡಿಮೆ ಇನ್ನೊಬ್ಬನದು ಎಂಬಂತಹ ವ್ಯವಸ್ಥೆ ಇಲ್ಲಿ ಬೇರೂರಿತ್ತು. ಆ ವ್ಯವಸ್ಥೆಯನ್ನು ಪ್ರಶ್ನಿಸಿ, ಉಳುವವನ ದನಿಯನ್ನು ಗದ್ದೆಯ ಬದುವಿನಿಂದ ರಾಜ್ಯದ ವಿಧಾನಸಭೆಯವರೆಗೆ ಕೊಂಡೊಯ್ದ ಧೀಮಂತರು ಶಾಂತವೇರಿ ಗೋಪಾಲಗೌಡರು.

ಗೋಪಾಲಗೌಡರು 1923ನೆಯ ಇಸವಿ ಮಾರ್ಚ್ 14ರಂದು ಜನಿಸಿದರು. ಅವರ ಹುಟ್ಟೂರು ಶಾಂತವೇರಿ, ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಸಿರಿತನವಿರಲಿಲ್ಲ. ಅಂದಿನ ಮಲೆನಾಡಿನಲ್ಲಿ ಬಡವರ ಮಕ್ಕಳು ಓದುವುದು ಸುಲಭದ ಮಾತಾಗಿರಲಿಲ್ಲ. ಶಾಲೆಗಳು ವಿರಳ, ದಾರಿಗಳು ದುರ್ಗಮ, ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಒಂದೂರಿಗೂ ಇನ್ನೊಂದೂರಿಗೂ ಸಂಪರ್ಕವೇ ಕಡಿದುಹೋಗುತ್ತಿತ್ತು. ಇಂತಹ ಪರಿಸರದಲ್ಲಿ ಬೆಳೆದ ಬಾಲಕ ಗೋಪಾಲನು ಬಡತನದ ನಡುವೆಯೇ ವಿದ್ಯೆಯ ಹಂಬಲವನ್ನು ಬಿಡದೆ ಮುಂದುವರಿದನು. ಓದಿನ ಜೊತೆಗೆ ಸುತ್ತಲಿನ ಜೀವನವನ್ನು ಕಣ್ತೆರೆದು ನೋಡುವ ಗುಣ ಅವನಿಗೆ ಎಳವೆಯಲ್ಲಿಯೇ ಬಂದಿತು. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿಬಿದ್ದ ಭತ್ತ ಅಳತೆಯಾಗಿ ಒಡೆಯರ ಮನೆ ಸೇರುತ್ತಿದ್ದುದನ್ನೂ, ಬೆಳೆದವನು ಕೆಲವೇ ತಿಂಗಳಲ್ಲಿ ಅದೇ ಮನೆಗೆ ಕಾಳಿನ ಸಾಲಕ್ಕಾಗಿ ಹೋಗಿ ನಿಲ್ಲಬೇಕಾಗಿದ್ದುದನ್ನೂ ಕಾಣುತ್ತಲೇ ಬೆಳೆದ ಪೀಳಿಗೆ ಅದು.

1942ರ ಆಗಸ್ಟ್ ತಿಂಗಳಲ್ಲಿ ಮಹಾತ್ಮ ಗಾಂಧೀಜಿಯವರು ಬ್ರಿಟಿಷರು ಭಾರತವನ್ನು ಬಿಟ್ಟು ತೊಲಗಬೇಕೆಂಬ ಕರೆ ನೀಡಿದರು. ಆ ಕರೆ ಮಲೆನಾಡಿನ ಮೂಲೆಮೂಲೆಗೂ ಮುಟ್ಟಿತು. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನರು ತಮ್ಮ ಹಳ್ಳಿಯೇ ಸ್ವತಂತ್ರವೆಂದು ಸಾರಿದರು. ಅದರ ಫಲವಾಗಿ ಆ ಊರಿನ ಐವರು 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿದರು. ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಹಲವರು ತರಗತಿಗಳನ್ನು ತೊರೆದು ಬೀದಿಗಿಳಿದರು. ಆಗ ವಿದ್ಯಾರ್ಥಿಯಾಗಿದ್ದ ಗೋಪಾಲಗೌಡರೂ ಚಳವಳಿಯಲ್ಲಿ ಧುಮುಕಿ ಸೆರೆಮನೆಯನ್ನು ಕಂಡರು. ಹತ್ತೊಂಬತ್ತರ ಹರೆಯದಲ್ಲಿ ದೊರೆತ ಆ ಅನುಭವವು ಅವರ ಬಾಳಿನ ದಿಕ್ಕನ್ನು ನಿರ್ಧರಿಸಿತು. ಬಿಡುಗಡೆಯ ನಂತರ ಶಿವಮೊಗ್ಗದಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದರಾದರೂ ಉದ್ಯೋಗವನ್ನು ಹಿಡಿದು ನೆಮ್ಮದಿಯ ಬದುಕನ್ನು ಕಟ್ಟಿಕೊಳ್ಳುವ ಕಡೆಗೆ ಅವರ ಮನಸ್ಸು ಹರಿಯಲಿಲ್ಲ.

1947ರಲ್ಲಿ ದೇಶವು ಸ್ವತಂತ್ರವಾಯಿತು. ಆದರೆ ಸ್ವಾತಂತ್ರ್ಯವೆಂದರೆ ಆಳುವವರ ಬದಲಾವಣೆ ಮಾತ್ರವೇ, ಇಲ್ಲವೇ ಹೊಲದಲ್ಲಿ ದುಡಿಯುವವನ ಬಾಳಿನಲ್ಲೂ ಬದಲಾವಣೆಯೇ ಎಂಬ ಪ್ರಶ್ನೆ ಅನೇಕ ತರುಣರನ್ನು ಕಾಡತೊಡಗಿತು. ಕಾಂಗ್ರೆಸ್ಸಿನೊಳಗೆ 1934ರಿಂದಲೂ ಒಂದು ಸಮಾಜವಾದಿ ಬಣವಿತ್ತು. ಜಯಪ್ರಕಾಶ ನಾರಾಯಣ, ಆಚಾರ್ಯ ನರೇಂದ್ರದೇವ, ರಾಮಮನೋಹರ ಲೋಹಿಯಾ ಮೊದಲಾದವರು ಅದರ ನಾಯಕರು. 1948ರಲ್ಲಿ ಆ ಬಣವು ಕಾಂಗ್ರೆಸ್ಸಿನಿಂದ ಹೊರಬಂದು ಪ್ರತ್ಯೇಕವಾದ ಸಮಾಜವಾದಿ ಪಕ್ಷವಾಯಿತು. ಗೋಪಾಲಗೌಡರು ಲೋಹಿಯಾ ಅವರ ವಿಚಾರಗಳಿಂದ ಆಳವಾಗಿ ಪ್ರಭಾವಿತರಾದರು. ಅಧಿಕಾರವು ಹಳ್ಳಿಗೆ ಹತ್ತಿರವಾಗಬೇಕು, ಆಡಳಿತವು ಜನರ ಭಾಷೆಯಲ್ಲಿ ನಡೆಯಬೇಕು, ಜಾತಿಯಿಂದ ಹಿಂದೆ ತಳ್ಳಲ್ಪಟ್ಟವರಿಗೆ ಮುಂದೆ ಬರಲು ವಿಶೇಷ ಅವಕಾಶ ದೊರೆಯಬೇಕು, ಅನ್ಯಾಯವನ್ನು ಹಿಂಸೆಯಿಲ್ಲದೆ ಆದರೆ ಅಂಜಿಕೆಯಿಲ್ಲದೆ ಎದುರಿಸಬೇಕು ಎಂಬುವು ಲೋಹಿಯಾ ಅವರ ಮುಖ್ಯ ವಿಚಾರಗಳು. ಇವುಗಳನ್ನು ಮಲೆನಾಡಿನ ನೆಲದಲ್ಲಿ ಬಿತ್ತುವ ಕೆಲಸಕ್ಕೆ ಗೌಡರು ತಮ್ಮನ್ನು ಮುಡಿಪಾಗಿಟ್ಟರು.

ಈ ವಿಚಾರಗಳು ಒರೆಗಲ್ಲಿಗೆ ತಾಗುವ ಸಂದರ್ಭ ಬೇಗನೆ ಒದಗಿತು. ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಯಲ್ಲಿ ಗೇಣಿದಾರರಿಗೂ ಭೂಮಾಲೀಕರಿಗೂ ನಡುವೆ ವಿವಾದವೊಂದು ಹುಟ್ಟಿಕೊಂಡಿತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ತಲೆತಲಾಂತರದಿಂದ ಅದೇ ಗದ್ದೆಗಳನ್ನು ಉಳುತ್ತ ಬಂದಿದ್ದರೂ ಆ ನೆಲದ ಮೇಲೆ ಅವರಿಗೆ ಯಾವ ಹಕ್ಕೂ ಇರಲಿಲ್ಲ. ಒಡೆಯರ ಮರ್ಜಿಯಿರುವವರೆಗೆ ಗದ್ದೆ. ಮರ್ಜಿ ತಪ್ಪಿದರೆ ಬೀದಿ. ಗೇಣಿಯನ್ನು ಭತ್ತದ ರೂಪದಲ್ಲಿ ಅಳೆದು ಕೊಡಬೇಕಾಗಿತ್ತು. ಅದರ ಮೇಲೆ ಬಿಟ್ಟಿ ಚಾಕರಿಯೂ ಇತ್ತು.

ವಿವಾದದ ಮೂಲವು ಭತ್ತವನ್ನು ಅಳೆಯುವ ಕೊಳಗದಲ್ಲಿತ್ತು. ಒಂದು ಕೊಳಗಕ್ಕೆ ಇಷ್ಟು ಸೇರು ಎಂಬುದು ರೂಢಿಯ ಅಳತೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಗೇಣಿಯನ್ನು ಪಡೆಯುವಾಗ ಒಡೆಯರ ಕಡೆಯವರು ಬಳಸುತ್ತಿದ್ದ ಕೊಳಗವು ರೂಢಿಯ ಕೊಳಗಕ್ಕಿಂತ ದೊಡ್ಡದಾಗಿತ್ತು. ನೋಡುವವರಿಗೆ ಇದು ಅಲ್ಪವಾದ ವ್ಯತ್ಯಾಸವೆಂದು ತೋರಬಹುದು. ಆದರೆ ಲೆಕ್ಕ ಹಾಕಿದರೆ ಅದರ ಭಾರ ತಿಳಿಯುತ್ತದೆ. ಹತ್ತು ಖಂಡುಗ ಗೇಣಿ ಕೊಡಬೇಕಾದ ಒಬ್ಬ ಒಕ್ಕಲಿನವನು ಇನ್ನೂರು ಕೊಳಗ ಭತ್ತವನ್ನು ಅಳೆಯಬೇಕು. ಪ್ರತಿ ಕೊಳಗಕ್ಕೆ ಒಂದೇ ಒಂದು ಸೇರು ಹೆಚ್ಚಾದರೂ ಇನ್ನೂರು ಸೇರು ಭತ್ತ ಅವನ ಕಣದಿಂದ ಅನ್ಯಾಯವಾಗಿ ಹೊರಟುಹೋಗುತ್ತದೆ. ಮಳೆಗಾಲದ ಹಸಿವಿನ ದಿನಗಳಲ್ಲಿ ಒಂದು ಸಂಸಾರದ ಗಂಜಿಗೆ ಆಗುತ್ತಿದ್ದ ಕಾಳು ಅದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂದು ಗೇಣಿದಾರರು ಕೇಳಿದರು. ಕೇಳಿದ ತಪ್ಪಿಗೆ ಅವರನ್ನು ಗದ್ದೆಗಳಿಂದ ಹೊರಗಟ್ಟಲಾಯಿತು.

ಸಾಗರ ತಾಲ್ಲೂಕಿನಲ್ಲಿ ಆ ವೇಳೆಗಾಗಲೇ ರೈತ ಸಂಘವೊಂದು ಸ್ಥಾಪಿತವಾಗಿತ್ತು. ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಅದರ ಮುಂದಾಳು. ಅವರು ಹಳ್ಳಿಹಳ್ಳಿ ತಿರುಗಿ, ಅಕ್ಷರ ಬಾರದ ಗೇಣಿದಾರರನ್ನು ಒಂದುಗೂಡಿಸಿ, ಅವರಲ್ಲಿ ತಮ್ಮ ಹಕ್ಕಿನ ಅರಿವನ್ನು ಮೂಡಿಸಿದ್ದರು. 1951ರ ಏಪ್ರಿಲ್ 18ರಂದು ಕಾಗೋಡು ಸತ್ಯಾಗ್ರಹ ಆರಂಭವಾಯಿತು. ಸಮಾಜವಾದಿ ಪಕ್ಷವು ಚಳವಳಿಯನ್ನು ತನ್ನದಾಗಿ ಮಾಡಿಕೊಂಡಿತು. ಗೋಪಾಲಗೌಡರು ಅದರ ನಾಯಕತ್ವದ ಹೊಣೆಯನ್ನು ಹೊತ್ತರು. ತಾವು ಉಳುತ್ತಿದ್ದ ಗದ್ದೆಗಳಿಗೆ ರೈತರು ತಂಡತಂಡವಾಗಿ ಇಳಿಯುವುದು, ಪೊಲೀಸರು ಅವರನ್ನು ಬಂಧಿಸಿ ಒಯ್ಯುವುದು, ಮರುದಿನ ಇನ್ನೊಂದು ತಂಡ ಅದೇ ಗದ್ದೆಗೆ ಇಳಿಯುವುದು, ಹೀಗೆ ಸತ್ಯಾಗ್ರಹವು ದಿನದಿನಕ್ಕೂ ಬೆಳೆಯಿತು. ರೈತರು ಏಟುಗಳನ್ನು ಸಹಿಸಿದರು, ಸೆರೆಮನೆಗಳನ್ನು ತುಂಬಿದರು. ಆದರೆ ಗಾಂಧೀಜಿಯವರು ತೋರಿದ ಮಾರ್ಗವನ್ನು ಬಿಡಲಿಲ್ಲ.

ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಸಾಗರಕ್ಕೆ ಬಂದರು. ಕಾಗೋಡಿನ ರೈತರೊಡನೆ ಸತ್ಯಾಗ್ರಹದಲ್ಲಿ ಭಾಗವಹಿಸಿ ಬಂಧನಕ್ಕೊಳಗಾದರು. ಅಖಿಲ ಭಾರತ ಮಟ್ಟದ ನಾಯಕರೊಬ್ಬರು ಮಲೆನಾಡಿನ ಪುಟ್ಟ ಹಳ್ಳಿಯೊಂದರ ಒಕ್ಕಲುಗಳಿಗಾಗಿ ಸೆರೆಯಾದ ಸಂಗತಿಯು ದೇಶದ ಗಮನವನ್ನು ಸೆಳೆಯಿತು. ಅಲ್ಲಿಯವರೆಗೆ ನೆರೆಯ ತಾಲ್ಲೂಕಿನವರಿಗೂ ಸರಿಯಾಗಿ ತಿಳಿಯದಿದ್ದ ಕಾಗೋಡು ಎಂಬ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಹೀಗಿದ್ದರೂ ಸತ್ಯಾಗ್ರಹವು ಕೂಡಲೇ ಫಲ ಕೊಡಲಿಲ್ಲವೆಂಬುದನ್ನು ಮರೆಯಬಾರದು. ಗೇಣಿದಾರರಿಗೆ ಅಂದೇ ಗದ್ದೆ ದೊರೆಯಲಿಲ್ಲ. ಎಷ್ಟೋ ಸಂಸಾರಗಳು ನ್ಯಾಯಾಲಯದ ಅಲೆದಾಟದಲ್ಲಿಯೂ ಕಷ್ಟದಲ್ಲಿಯೂ ದಿನಗಳನ್ನು ಕಳೆದವು. ಆದರೆ ಒಡೆಯರ ಮುಂದೆ ತಲೆಯೆತ್ತಿ ನಿಲ್ಲಲು ಅಂಜುತ್ತಿದ್ದ ಜನ ತಲೆಯೆತ್ತಿ ನಿಂತಿದ್ದರು. ಸ್ವಾತಂತ್ರ್ಯಾನಂತರ ಕರ್ನಾಟಕದಲ್ಲಿ ನಡೆದ ರೈತ ಚಳವಳಿಗಳಲ್ಲಿ ಕಾಗೋಡು ಸತ್ಯಾಗ್ರಹಕ್ಕೆ ಮೊದಲ ಸಾಲಿನ ಸ್ಥಾನವಿರುವುದು ಈ ಕಾರಣದಿಂದಲೇ.

ಸತ್ಯಾಗ್ರಹದ ಕಾವು ಆರುವ ಮೊದಲೇ ದೇಶದ ಪ್ರಥಮ ಮಹಾಚುನಾವಣೆ ಬಂದಿತು. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯು 1881ರಷ್ಟು ಹಿಂದೆಯೇ ಸ್ಥಾಪನೆಯಾಗಿದ್ದರೂ, ಆಸ್ತಿ ಮೊದಲಾದ ಅರ್ಹತೆಗಳುಳ್ಳವರಿಗೆ ಮಾತ್ರ ಪ್ರತಿನಿಧಿಗಳನ್ನು ಆರಿಸುವ ಅವಕಾಶವಿತ್ತು. ಗೇಣಿದಾರನಿಗೆ, ಕೂಲಿಯವನಿಗೆ, ಅವರ ಮನೆಯ ಹೆಂಗಸರಿಗೆ ರಾಜ್ಯವನ್ನು ಆಳುವವರು ಯಾರೆಂದು ಹೇಳುವ ಅಧಿಕಾರವಿರಲಿಲ್ಲ. ಭಾರತದ ಸಂವಿಧಾನವು ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಪ್ರಜೆಗೂ ಮತದ ಹಕ್ಕನ್ನು ಕೊಟ್ಟಿತು. ಮುಂದೆ 1989ರಲ್ಲಿ ಈ ವಯಸ್ಸು ಹದಿನೆಂಟಕ್ಕೆ ಇಳಿಯಿತು. ಒಡೆಯನಿಗೂ ಒಂದು ಮತ, ಒಕ್ಕಲಿಗೂ ಒಂದು ಮತ ಎಂಬುದು ಮಲೆನಾಡಿನ ಪಾಲಿಗೆ ಕಂಡು ಕೇಳರಿಯದ ಸಂಗತಿಯಾಗಿತ್ತು.

ಆ ಚುನಾವಣೆಯ ರೀತಿಯೂ ಈಗಿನಂತಿರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆಯಿರುತ್ತಿತ್ತು. ಪೆಟ್ಟಿಗೆಯ ಮೇಲೆ ಆತನ ಚಿಹ್ನೆಯನ್ನು ಅಂಟಿಸಲಾಗುತ್ತಿತ್ತು. ಮತದಾರನು ಮರೆಯೊಳಗೆ ಹೋಗಿ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಮತಪತ್ರವನ್ನು ಹಾಕಿ ಬರುತ್ತಿದ್ದನು. ಓದುಬರಹ ಬಾರದವರಿಗೆ ಚಿಹ್ನೆಯೇ ದಾರಿ. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡಿ ಎತ್ತು. ಸಮಾಜವಾದಿ ಪಕ್ಷದ್ದು ಮರ. ಸಾಗರ ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಪಕ್ಷದ ಅಭ್ಯರ್ಥಿಯಾಗಿ ಗೋಪಾಲಗೌಡರು ನಿಂತರು. ಸ್ವಾತಂತ್ರ್ಯವನ್ನು ತಂದುಕೊಟ್ಟ ಪಕ್ಷವೆಂಬ ಕೀರ್ತಿ ಎದುರಾಳಿಗಳ ಬೆನ್ನಿಗಿತ್ತು. ಗೌಡರಲ್ಲಿ ಹಣವಿರಲಿಲ್ಲ, ವಾಹನಗಳಿರಲಿಲ್ಲ, ದೊಡ್ಡ ಮನೆತನದ ಬೆಂಬಲವಿರಲಿಲ್ಲ. ಮತದ ಜೊತೆಗೆ ಚುನಾವಣೆಯ ಖರ್ಚಿಗಾಗಿ ಒಂದೊಂದು ರೂಪಾಯಿಯನ್ನೂ ಮತದಾರರಿಂದಲೇ ಬೇಡುವುದು ಅವರು ಅನುಸರಿಸಿದ ಕ್ರಮವೆಂದು ಹೆಸರಾಯಿತು. ಹಣ ಕೊಟ್ಟು ಮತ ಪಡೆದವನು ಮತದಾರನಿಗೆ ಏನನ್ನೂ ಸಲ್ಲಿಸಬೇಕಾದುದಿಲ್ಲ. ಮತದಾರನ ಹಣದಿಂದಲೇ ಗೆದ್ದವನು ಅವನಿಗೆ ಋಣಿಯಾಗಿರಲೇಬೇಕು ಎಂಬುದು ಈ ಕ್ರಮದ ಹಿಂದಿನ ತತ್ವ.

1952ರ ಆ ಚುನಾವಣೆಯಲ್ಲಿ ಗೋಪಾಲಗೌಡರು ಜಯಶಾಲಿಯಾದರು. ಆಗ ಅವರಿಗೆ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ 74 ಕಾಂಗ್ರೆಸ್ಸಿನ ಪಾಲಾಗಿದ್ದವು. ಸಮಾಜವಾದಿ ಪಕ್ಷಕ್ಕೆ ದೊರೆತವು ಮೂರು ಮಾತ್ರ. ಕಾಗೋಡಿನ ಗದ್ದೆಯಲ್ಲಿ ಸೋತಂತೆ ಕಂಡಿದ್ದ ಒಕ್ಕಲುಗಳು ಮತದ ಪೆಟ್ಟಿಗೆಯಲ್ಲಿ ತಮ್ಮ ಉತ್ತರವನ್ನು ಹೇಳಿದ್ದರು.

ಶಾಸನಸಭೆಯಲ್ಲಿ ಗೋಪಾಲಗೌಡರು ಅಲ್ಪಸಂಖ್ಯೆಯ ವಿರೋಧಪಕ್ಷದವರಾಗಿದ್ದರೂ ಅವರ ದನಿ ಅಲ್ಪವಾಗಿರಲಿಲ್ಲ. ಅವರು ಕನ್ನಡದಲ್ಲಿಯೇ ಮಾತನಾಡುತ್ತಿದ್ದರು. ಇಂಗ್ಲಿಷ್ ಬಲ್ಲವರೇ ಆಡಳಿತಕ್ಕೆ ಯೋಗ್ಯರೆಂಬ ಭಾವನೆ ಪ್ರಬಲವಾಗಿದ್ದ ಕಾಲದಲ್ಲಿ, ಹಳ್ಳಿಯ ರೈತನಿಗೂ ಅರ್ಥವಾಗುವ ಭಾಷೆಯಲ್ಲಿ ರಾಜ್ಯದ ವಿಷಯಗಳನ್ನು ಚರ್ಚಿಸಬಹುದೆಂಬುದನ್ನು ಅವರು ತೋರಿಸಿಕೊಟ್ಟರು. ಗೇಣಿ, ಭೂಮಿಯ ಒಡೆತನ, ಹಳ್ಳಿಗಾಡಿನ ಕಷ್ಟಸುಖ, ಅಧಿಕಾರಿಗಳ ದರ್ಪ ಮೊದಲಾದ ವಿಷಯಗಳ ಮೇಲೆ ಅವರು ಆಡಿದ ಮಾತುಗಳಲ್ಲಿ ಸ್ವಾನುಭವದ ಬಿಸಿಯಿತ್ತು. ಕೆಲವು ವೇಳೆ ಅವರ ಕೋಪವು ಸಭೆಯ ಮರ್ಯಾದೆಯ ಎಲ್ಲೆಯನ್ನು ಮುಟ್ಟುತ್ತಿತ್ತೆಂದು ಆಕ್ಷೇಪಿಸಿದವರೂ ಇದ್ದರು. ಸಿಟ್ಟು ಅವರ ಸ್ವಭಾವದ ಒಂದು ಅಂಶವೇ ಆಗಿತ್ತು. ಆದರೆ ಆ ಸಿಟ್ಟು ಸ್ವಂತದ ಲಾಭಕ್ಕಾಗಿ ಎಂದೂ ಹುಟ್ಟಲಿಲ್ಲವೆಂಬುದನ್ನು ಎದುರಾಳಿಗಳೂ ಬಲ್ಲವರಾಗಿದ್ದರು.

ಕನ್ನಡ ನಾಡಿನ ಏಕೀಕರಣದ ಪ್ರಶ್ನೆಯಲ್ಲಿಯೂ ಗೋಪಾಲಗೌಡರ ನಿಲುವು ಸ್ಪಷ್ಟವಾಗಿತ್ತು. ಹಳೆಯ ಮೈಸೂರಿನ ಕೆಲವು ಮುಖಂಡರು, ಮುಂಬಯಿ ಮತ್ತು ಹೈದರಾಬಾದು ಪ್ರಾಂತಗಳ ಕನ್ನಡ ಪ್ರದೇಶಗಳು ಬಂದು ಸೇರಿದರೆ ತಮ್ಮ ಪ್ರಾಧಾನ್ಯ ಕುಗ್ಗುವುದೆಂದು ಹಿಂದೆಗೆದರು. ಹಳೆಯ ಮೈಸೂರಿನ ಪ್ರತಿನಿಧಿಯೇ ಆಗಿದ್ದರೂ ಗೌಡರು ಅಂತಹ ಸಂಕುಚಿತ ಲೆಕ್ಕಾಚಾರಕ್ಕೆ ಒಳಗಾಗಲಿಲ್ಲ. ಕನ್ನಡಿಗರೆಲ್ಲರೂ ಒಂದೇ ರಾಜ್ಯದಲ್ಲಿರಬೇಕೆಂದು ಅವರು ವಾದಿಸಿದರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವು ಅಸ್ತಿತ್ವಕ್ಕೆ ಬಂದಿತು. ರಾಜ್ಯವು ಕೂಡಿತಾದರೂ ಹೆಸರು ಮೈಸೂರು ಎಂದೇ ಉಳಿಯಿತು. ಅದಕ್ಕೆ ಕರ್ನಾಟಕ ಎಂಬ ಹೆಸರು ಬರಬೇಕೆಂದು ಒತ್ತಾಯಿಸಿದವರಲ್ಲಿ ಗೌಡರು ಪ್ರಮುಖರು.

1957ರ ಚುನಾವಣೆಯು 208 ಸ್ಥಾನಗಳ ಹೊಸ ವಿಧಾನಸಭೆಗಾಗಿ ನಡೆಯಿತು. ಅದರಲ್ಲಿ ಗೋಪಾಲಗೌಡರು ಪರಾಭವ ಹೊಂದಿದರು. ಈ ವೇಳೆಗೆ ಸಮಾಜವಾದಿಗಳೂ ಒಡೆದುಹೋಗಿದ್ದರು. 1952ರಲ್ಲಿ ಪಕ್ಷವು ಬೇರೊಂದು ಪಕ್ಷದೊಡನೆ ಕೂಡಿ ಪ್ರಜಾ ಸಮಾಜವಾದಿ ಪಕ್ಷವಾಗಿತ್ತು. 1955ರಲ್ಲಿ ಲೋಹಿಯಾ ಅವರು ಅದರಿಂದ ಹೊರಬಂದಿದ್ದರು. ಸಿದ್ಧಾಂತಕ್ಕಾಗಿ ಒಂದಾದವರು ಸಿದ್ಧಾಂತದ ವಿವರಗಳಿಗಾಗಿ ಮತ್ತೆಮತ್ತೆ ಬೇರೆಯಾಗುತ್ತಿದ್ದುದು ಆ ಚಳವಳಿಯ ದೊಡ್ಡ ದೌರ್ಬಲ್ಯ. ಮತ ಕೊಟ್ಟ ಜನ ಅದರಿಂದ ಗಲಿಬಿಲಿಗೊಂಡರು. ಸೋಲಿನ ಐದು ವರ್ಷಗಳು ಗೌಡರಿಗೆ ಕಷ್ಟದವು. ಸಂಬಳವಿಲ್ಲ, ಸ್ಥಾನವಿಲ್ಲ, ಗೆಳೆಯರ ನೆರವೇ ಆಧಾರ. ಆಳುವ ಪಕ್ಷವನ್ನು ಸೇರಿದ್ದರೆ ಅಂತಹ ಮಾತುಗಾರನಿಗೆ ಅಧಿಕಾರ ದೂರವಿರುತ್ತಿರಲಿಲ್ಲ. ಅವರು ಆ ದಾರಿಯನ್ನು ಹಿಡಿಯಲಿಲ್ಲ. ಮತ್ತೆ ಹಳ್ಳಿಗಳ ಕಡೆಗೆ ತಿರುಗಿದರು, ಜನರ ನಡುವೆ ಓಡಾಡಿದರು, ತರುಣರನ್ನು ಕಲೆಹಾಕಿದರು.

1962ರಲ್ಲಿ ಗೋಪಾಲಗೌಡರು ತಮ್ಮ ಹುಟ್ಟುನೆಲವಾದ ತೀರ್ಥಹಳ್ಳಿ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 1967ರಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಎರಡನೆಯ ಬಾರಿಗೆ ಗೆಲ್ಲಿಸಿದರು. ಹೀಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ಪ್ರತಿನಿಧಿಯಾಗುವ ಭಾಗ್ಯ ಅವರದಾಯಿತು. ರಾಜ್ಯದಲ್ಲಿ 1961ರ ಭೂಸುಧಾರಣಾ ಶಾಸನವು ರೂಪುಗೊಂಡು, 1965ರಲ್ಲಿ ಜಾರಿಗೆ ಬಂದಿದ್ದ ಕಾಲ ಅದು. ಅದರಲ್ಲಿ ಗೇಣಿದಾರರಿಗೆ ಕೆಲವು ರಕ್ಷಣೆಗಳಿದ್ದರೂ ಭೂಮಾಲೀಕರು ನುಸುಳಿಕೊಳ್ಳಲು ದಾರಿಗಳೂ ಇದ್ದವು. ಉಳುವವನೇ ನೆಲದೊಡೆಯನಾಗಬೇಕು, ಅದಕ್ಕಿಂತ ಕಡಿಮೆಯಾದ ಯಾವ ಸುಧಾರಣೆಯೂ ಸುಧಾರಣೆಯಲ್ಲ ಎಂಬ ಸಮಾಜವಾದಿಗಳ ಪಟ್ಟು ಸಡಿಲಲಿಲ್ಲ. 1963ರಲ್ಲಿ ಕನ್ನಡವು ಶಾಸನದ ಮೂಲಕ ರಾಜ್ಯದ ಆಡಳಿತ ಭಾಷೆಯಾಯಿತು. ಕನ್ನಡದ ಪರವಾಗಿ ಸಭೆಯ ಒಳಗೂ ಹೊರಗೂ ದನಿಯೆತ್ತುತ್ತಿದ್ದವರಿಗೆ ಇದು ಸಮಾಧಾನದ ಸಂಗತಿಯಾದರೂ, ಶಾಸನದಲ್ಲಿದ್ದುದು ಕಚೇರಿಗಳಲ್ಲಿ ಆಚರಣೆಗೆ ಬರುವುದು ನಿಧಾನವಾಗಿತ್ತು.

ಗೋಪಾಲಗೌಡರ ವ್ಯಕ್ತಿತ್ವಕ್ಕೆ ರಾಜಕಾರಣ ಮಾತ್ರವೇ ಅಳತೆಗೋಲಲ್ಲ. ಅವರು ಸಾಹಿತ್ಯವನ್ನು ಪ್ರೀತಿಯಿಂದ ಓದಿದವರು. ಸಂಗೀತವನ್ನು ತನ್ಮಯರಾಗಿ ಕೇಳಿದವರು. ಕನ್ನಡದ ಹೊಸ ತಲೆಮಾರಿನ ಲೇಖಕರು ಅವರ ಆಪ್ತ ಬಳಗದಲ್ಲಿದ್ದರು. ಕವಿ ಗೋಪಾಲಕೃಷ್ಣ ಅಡಿಗರು 1964ರಿಂದ ಕೆಲವು ವರ್ಷ ಸಾಗರದ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದರು. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಯು.ಆರ್. ಅನಂತಮೂರ್ತಿಯವರು ಗೌಡರ ನಿಕಟವರ್ತಿಗಳಲ್ಲಿ ಒಬ್ಬರು. ರಾತ್ರಿ ಬಹಳ ಹೊತ್ತಿನವರೆಗೆ ಕಾವ್ಯ, ಸಂಗೀತ, ಸಮಾಜವಾದಗಳ ಬಗ್ಗೆ ಮಾತುಕತೆ ನಡೆಸುವುದು ಈ ಬಳಗದ ಹವ್ಯಾಸವಾಗಿತ್ತು. ಅನಂತಮೂರ್ತಿಯವರು 1978ರಲ್ಲಿ ಪ್ರಕಟಿಸಿದ ಅವಸ್ಥೆ ಎಂಬ ಕಾದಂಬರಿಯ ನಾಯಕನ ಪಾತ್ರಕ್ಕೆ ಗೋಪಾಲಗೌಡರ ಬದುಕೇ ಪ್ರೇರಣೆ. ಆದರೆ ಕಾದಂಬರಿಯ ಎಲ್ಲ ಘಟನೆಗಳನ್ನೂ ಗೌಡರ ಜೀವನದ ಘಟನೆಗಳೆಂದು ತಿಳಿಯುವುದು ಸರಿಯಲ್ಲ. ಅದು ಕಲ್ಪನೆಯ ಕೃತಿ.

ಅವರ ಸುತ್ತ ಬೆಳೆದ ತರುಣರಲ್ಲಿ ಹಲವರು ಮುಂದೆ ನಾಡಿನ ರಾಜಕಾರಣದಲ್ಲಿ ಎತ್ತರದ ಸ್ಥಾನಗಳನ್ನು ಪಡೆದರು. ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆರಿಸಿಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ ಹೆಸರಾದರು. ಮುಂದೆ 1996ರಿಂದ 1999ರವರೆಗೆ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದರು. 1967ರಲ್ಲಿ ಸೊರಬದಿಂದ ವಿಧಾನಸಭೆಯನ್ನು ಪ್ರವೇಶಿಸಿದ ಎಸ್. ಬಂಗಾರಪ್ಪನವರು 1990ರಲ್ಲಿ ಮುಖ್ಯಮಂತ್ರಿಗಳಾದರು. ಗುರುವು ಎಂದೂ ಏರದ ಮೆಟ್ಟಿಲುಗಳನ್ನು ಶಿಷ್ಯರು ಏರಿದರು. ಆ ಮೆಟ್ಟಿಲುಗಳನ್ನು ಏರುವಾಗ ಅವರು ಹಳೆಯ ಸಿದ್ಧಾಂತವನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡರೆಂಬ ಪ್ರಶ್ನೆಯನ್ನು ನಾಡಿನ ಜನ ಅಂದೂ ಕೇಳಿದರು, ಆಮೇಲೂ ಕೇಳುತ್ತಲೇ ಇದ್ದಾರೆ. ಗೋಪಾಲಗೌಡರನ್ನು ಅಳತೆಗೋಲಾಗಿ ಇಟ್ಟುಕೊಂಡು ಇತರರನ್ನು ಅಳೆಯುವ ರೂಢಿ ಕರ್ನಾಟಕದಲ್ಲಿ ಬೆಳೆದುಬಂದುದೇ ಅವರ ದೊಡ್ಡತನಕ್ಕೆ ಸಾಕ್ಷಿ.

ಸಾರ್ವಜನಿಕ ಜೀವನದಲ್ಲಿ ಮುಳುಗಿದ್ದ ಗೌಡರು ಗೃಹಸ್ಥಾಶ್ರಮವನ್ನು ಪ್ರವೇಶಿಸಿದ್ದು ತಡವಾಗಿ, 1964ರಲ್ಲಿ. ಮೂರು ಬಾರಿ ಶಾಸಕರಾಗಿದ್ದರೂ ಅವರು ಆಸ್ತಿಯನ್ನು ಕೂಡಿಸಲಿಲ್ಲ. ಸ್ಥಾನದಿಂದ ದೊರೆಯಬಹುದಾದ ಅನುಕೂಲಗಳನ್ನು ಸ್ವಂತಕ್ಕೆ ಬಳಸಿಕೊಳ್ಳುವುದು ಅವರಿಗೆ ಹೇಸಿಗೆಯ ವಿಷಯವಾಗಿತ್ತು. ಬಿಡುವಿಲ್ಲದ ಅಲೆದಾಟ, ಹೊತ್ತಿಲ್ಲದ ಊಟ, ಸೆರೆವಾಸ, ಚಿಂತೆಗಳು ಅವರ ದೇಹವನ್ನು ಬೇಗನೆ ಕುಗ್ಗಿಸಿದವು. ಕೊನೆಯ ವರ್ಷಗಳಲ್ಲಿ ಕಾಯಿಲೆಯು ಅವರನ್ನು ಹಾಸಿಗೆಗೆ ಕಟ್ಟಿಹಾಕಿತು. ಸಾವಿರಾರು ಜನರನ್ನು ಮಂತ್ರಮುಗ್ಧಗೊಳಿಸುತ್ತಿದ್ದ ಮಾತುಗಾರನಿಗೆ ಆ ನಿಶ್ಚಲತೆ ಎಷ್ಟು ದುಸ್ಸಹವಾಗಿರಬೇಕೆಂಬುದನ್ನು ಊಹಿಸಬಹುದು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಸಮಾಜವಾದಿ ಪಕ್ಷದ ಕೋಣಂದೂರು ಲಿಂಗಪ್ಪನವರು ಗೆದ್ದರು. ಸಾಗರದಿಂದ ಗೆದ್ದವರು, ಸತ್ಯಾಗ್ರಹ ನಡೆದ ಹಳ್ಳಿಯಿಂದಲೇ ಬಂದ ಕಾಗೋಡು ತಿಮ್ಮಪ್ಪನವರು. ಅದೇ ವರ್ಷ ಜೂನ್ 9ರಂದು ಗೋಪಾಲಗೌಡರು ಪತ್ನಿಯನ್ನೂ ಎಳೆಯ ಮಕ್ಕಳನ್ನೂ ಅಗಲಿ ಇಹಲೋಕವನ್ನು ತ್ಯಜಿಸಿದರು. ಆಗ ಅವರಿಗೆ ನಲವತ್ತೊಂಬತ್ತು ವರ್ಷ.

ಅವರು ಕಂಡ ಕನಸುಗಳಲ್ಲಿ ಎರಡು, ಅವರು ಕಣ್ಮುಚ್ಚಿದ ಎರಡು ವರ್ಷಗಳೊಳಗೆ ನಿಜವಾದವು. 1973ರ ನವೆಂಬರ್ 1ರಂದು ರಾಜ್ಯವು ಕರ್ನಾಟಕ ಎಂಬ ಹೆಸರನ್ನು ಪಡೆಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಅವರ ಸರ್ಕಾರವು ಭೂಸುಧಾರಣೆಯ ತಿದ್ದುಪಡಿ ಶಾಸನವನ್ನು ಜಾರಿಗೆ ತಂದಿತು. ಗೇಣಿ ಪದ್ಧತಿ ರದ್ದಾಯಿತು. ಉಳುವ ಒಕ್ಕಲು ಭೂನ್ಯಾಯಮಂಡಲಿಯ ಮುಂದೆ ಅರ್ಜಿ ಸಲ್ಲಿಸಿ ನೆಲದ ಒಡೆತನವನ್ನು ಪಡೆಯಲು ಅವಕಾಶವಾಯಿತು. ಕಣದಲ್ಲಿ ಒಡೆಯರ ಕೊಳಗವನ್ನು ಕಂಡು ನಡುಗುತ್ತಿದ್ದವರ ಮಕ್ಕಳು ತಮ್ಮ ಹೆಸರಿನ ಪಹಣಿಯನ್ನು ಕೈಯಲ್ಲಿ ಹಿಡಿದರು. ಅರ್ಜಿ ಸಲ್ಲಿಸಲು ತಿಳಿಯದೆಯೋ ಅಂಜಿಕೆಯಿಂದಲೋ ನೆಲವನ್ನು ಕಳೆದುಕೊಂಡವರೂ ಉಂಟು. ಆದರೂ ಮಲೆನಾಡಿನ ಗೇಣಿದಾರನ ಬಾಳಿನಲ್ಲಿ ಈ ಶಾಸನವು ತಂದಂತಹ ಪರಿವರ್ತನೆಯನ್ನು ಬೇರಾವ ಶಾಸನವೂ ತರಲಿಲ್ಲ. ಅದಕ್ಕೆ ಸಹಿ ಹಾಕಿದವರು ಬೇರೆಯವರಾದರೂ, ಅದರ ನೆಲವನ್ನು ಹದಮಾಡಿದವರಲ್ಲಿ ಕಾಗೋಡಿನ ಒಕ್ಕಲುಗಳೂ ಗೋಪಾಲಗೌಡರೂ ಮೊದಲಿಗರು.

2013ರಲ್ಲಿ ಕಾಗೋಡು ತಿಮ್ಮಪ್ಪನವರು ಕರ್ನಾಟಕ ವಿಧಾನಸಭೆಯ ಅಧ್ಯಕ್ಷರಾದರು. ಅರವತ್ತು ವರ್ಷಗಳ ಹಿಂದೆ ಯಾವ ಹಳ್ಳಿಯ ಒಕ್ಕಲುಗಳು ಸರಿಯಾದ ಅಳತೆಯನ್ನು ಕೇಳಿದ್ದಕ್ಕಾಗಿ ಸೆರೆಮನೆಗೆ ಹೋಗಿದ್ದರೋ ಆ ಹಳ್ಳಿಯವರೊಬ್ಬರು ರಾಜ್ಯದ ಶಾಸನಸಭೆಯ ಅತ್ಯುನ್ನತ ಪೀಠದಲ್ಲಿ ಕುಳಿತರು. ಚುನಾವಣೆಯ ಕ್ಷೇತ್ರಗಳ ಗಡಿಗಳು ಕಾಲಕಾಲಕ್ಕೆ ಬದಲಾಗಿವೆ. 2008ರ ಪುನರ್ವಿಂಗಡಣೆಯ ತರುವಾಯ ಹೊಸನಗರವು ಪ್ರತ್ಯೇಕ ಕ್ಷೇತ್ರವಾಗಿ ಉಳಿಯದೆ, ಅದರ ಭಾಗಗಳು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಲ್ಲಿ ಹಂಚಿಹೋದವು. ಪೆಟ್ಟಿಗೆಗಳ ಬದಲು ಯಂತ್ರಗಳು ಬಂದಿವೆ. ಚುನಾವಣೆಯ ಖರ್ಚು ಅಂದಿನವರು ಊಹಿಸಲಾರದಷ್ಟು ಬೆಳೆದಿದೆ. ಮತದಾರನಿಂದ ಒಂದು ರೂಪಾಯಿಯನ್ನು ಬೇಡಿ ಗೆದ್ದ ಅಭ್ಯರ್ಥಿಯ ಕಥೆ ಇಂದಿನವರಿಗೆ ಕಟ್ಟುಕಥೆಯಂತೆ ತೋರಿದರೆ ಆಶ್ಚರ್ಯವಿಲ್ಲ.

ಶಿವಮೊಗ್ಗ ನಗರದ ಬಡಾವಣೆಯೊಂದಕ್ಕೆ ಗೋಪಾಲಗೌಡರ ಹೆಸರಿದೆ. 2023ರಲ್ಲಿ ಅವರು ಹುಟ್ಟಿ ನೂರು ವರ್ಷಗಳು ತುಂಬಿದವು. ಅವರು ಮಂತ್ರಿಯಾಗಲಿಲ್ಲ, ದೊಡ್ಡ ಸಂಸ್ಥೆಗಳನ್ನು ಕಟ್ಟಲಿಲ್ಲ, ಹೆಚ್ಚು ಕಾಲ ಬದುಕಲೂ ಇಲ್ಲ. ಒಂದು ಕೊಳಗ ಭತ್ತದ ಅಳತೆಯಲ್ಲಿ ಅಡಗಿದ್ದ ಅನ್ಯಾಯವನ್ನು ಇಡೀ ರಾಜ್ಯಕ್ಕೆ ಕಾಣುವಂತೆ ಮಾಡಿದ್ದೂ, ಮತ ಕೊಟ್ಟವರಿಗೆ ಕೊನೆಯವರೆಗೂ ಋಣಿಯಾಗಿಯೇ ಉಳಿದದ್ದೂ ಅವರ ಸಾಧನೆ. ಮುಂದೊಂದು ದಿನ ಮತದಾನದ ಕೇಂದ್ರದಲ್ಲಿ ಸರದಿಯಲ್ಲಿ ನಿಲ್ಲಲಿರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ನೆನಪಿನಲ್ಲಿಟ್ಟುಕೊಳ್ಳಬೇಕಾದ ಬಾಳು ಅದು.